ತಳದ ಬಿರಡೆ : ಇಕ್ಕೇರಿ ಸೀಮೆಯ ವಾಹನಪೋಷಣೆಯ ಚರಿತ್ರೆಯಲ್ಲಿ ಒಂದು ವಿಚಾರ

ವಾಹನಗಳ ಚರಿತ್ರೆಯನ್ನು ಬರೆಯುವವರು ಯಂತ್ರದ ಶಕ್ತಿ, ವೇಗ, ಬೆಲೆಗಳನ್ನು ಗಣನೆಗೆ ತೆಗೆದುಕೊಳ್ಳುವುದು ವಾಡಿಕೆ. ಹಳೆಯ ಎಣ್ಣೆಯನ್ನು ಹೊರಕ್ಕೆ ಬಿಡುವ ಸಣ್ಣದೊಂದು ರಂಧ್ರವೂ, ಅದನ್ನು ಮುಚ್ಚುವ ಬಿರಡೆಯೂ ಅವರ ಗಮನಕ್ಕೆ ಬರುವುದು ಅಪೂರ್ವ. ಆದರೆ ಈ ಬಿರಡೆಯ ಇರವು ಇಲ್ಲದಿರವುಗಳಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ವಾಹನದ ಪೋಷಣೆ ಯಾರ ಕೈಯಲ್ಲಿರಬೇಕು? ನಿರ್ಮಾಪಕನ ಕೈಯಲ್ಲೋ, ದಿನವೂ ಅದನ್ನು ನಡೆಸುವವನ ಕೈಯಲ್ಲೋ? ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನೊಳಗೊಂಡ ಇಕ್ಕೇರಿ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೆಳದಿಯ ಅರಸರ ಕಾಲದಲ್ಲಿ ಈ ಸೀಮೆಯ ಅಡಿಕೆ, ಮೆಣಸು, ಅಕ್ಕಿಗಳು ಘಟ್ಟವನ್ನಿಳಿದು ಕರಾವಳಿಯನ್ನು ಸೇರುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡ ಮೇಲೆಯೂ ಈ ಕ್ರಮ ಬಹುಕಾಲ ಮುಂದುವರಿಯಿತು. ತರುವಾಯ ರಸ್ತೆಗಳಾದಂತೆ ಎತ್ತಿನ ಗಾಡಿಗಳ ಸಂಚಾರ ಹೆಚ್ಚಿತು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕು. ಗಾಡಿಯವನು ಕಡಾಣಿಯನ್ನು ಕಿತ್ತು, ಚಕ್ರವನ್ನು ಸರಿಸಿ, ಕಪ್ಪಾಗಿ ಗಟ್ಟಿಯಾದ ಹಳೆಯ ಜಿಡ್ಡನ್ನು ಒರೆಸಿ, ಹೊಸದನ್ನು ಬಳಿಯುತ್ತಿದ್ದನು. ಈ ಕೆಲಸಕ್ಕೆ ಅವನು ಬಡಗಿಯನ್ನಾಗಲಿ ಕಮ್ಮಾರನನ್ನಾಗಲಿ ಕರೆಯಬೇಕಾಗಿರಲಿಲ್ಲ. ಕೆಟ್ಟ ಜಿಡ್ಡನ್ನು ತೆಗೆಯುವ ದಾರಿ ವಾಹನದ ರಚನೆಯಲ್ಲಿಯೇ ಇದ್ದಿತೆಂಬುದು ಇಲ್ಲಿ ಗಮನಾರ್ಹ.

ಮೋಟಾರು ವಾಹನಗಳು ಬಂದಾಗಲೂ ಈ ಸಂಬಂಧ ಒಮ್ಮೆಲೇ ಕಡಿದುಹೋಗಲಿಲ್ಲ. 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನಿಗೂ ಗೇರುಗಳಿಗೂ ಒಂದೇ ಎಣ್ಣೆ. ಅದನ್ನು ಬಸಿಯಲು ತಳದಲ್ಲಿ ಬಿರಡೆ. ಮಟ್ಟವನ್ನು ತಿಳಿಯಲು ಬದಿಯಲ್ಲಿ ಎರಡು ಸಣ್ಣ ನಲ್ಲಿಗಳು. ಗೇರುಪಟ್ಟಿಗಳ ಹತ್ತಿಯ ಎಳೆಗಳು ಎಣ್ಣೆಯಲ್ಲಿ ಸೇರಿ ಕೊಳವೆಯನ್ನು ಕಟ್ಟುತ್ತಿದ್ದುದರಿಂದ, ಅವುಗಳನ್ನು ತಡೆಯುವ ಜಾಲರಿಗಳನ್ನು ಬೇರೆ ತಯಾರಕರು ಮಾಡಿ ಮಾರುತ್ತಿದ್ದರು. ಮೂಲ ನಿರ್ಮಾಪಕನು ಬಿಟ್ಟ ಕೊರತೆಯನ್ನು ಹೊರಗಿನವರು ತುಂಬುವ ಪದ್ಧತಿಯು ಹೀಗೆ ಮೋಟಾರಿನಷ್ಟೇ ಹಳೆಯದು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಅವುಗಳ ಒಲೆಯ ತಳದ ಬಾಗಿಲಿನಿಂದ ಬೂದಿಯನ್ನು ತೆಗೆಯದೆ ಬಸ್ಸು ಮುಂದೆ ಹೋಗುವಂತಿರಲಿಲ್ಲ. 1947ರಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಮಲೆನಾಡಿನ ತೋಟದ ದಾರಿಗಳಿಗೆ ಜೀಪಿನಷ್ಟು ಒಗ್ಗಿದ ವಾಹನ ಮತ್ತೊಂದಿಲ್ಲವೆನಿಸಿತು. ಅದರ ಗೇರುಪೆಟ್ಟಿಗೆಗೆ ಎಣ್ಣೆ ತುಂಬಲು ಒಂದು ಬಿರಡೆ, ಬಸಿಯಲು ಒಂದು ಬಿರಡೆ. ಹಳ್ಳವನ್ನು ದಾಟಿದ ಮೇಲೆ ನೀರು ಒಳಹೊಕ್ಕು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ, ಒಂದು ಪಾನವೂ ಒಂದು ಬೋಗುಣಿಯೂ ಇದ್ದವನು ಅದನ್ನು ಅಂಗಳದಲ್ಲಿಯೇ ಬದಲಿಸಬಲ್ಲವನಾಗಿದ್ದನು.

ಈ ಸೌಕರ್ಯಕ್ಕೆ ಭಂಗ ಬಂದುದು ತಾನಾಗಿ ಗೇರು ಬದಲಿಸುವ ಯಂತ್ರಗಳಲ್ಲಿ. ಜನರಲ್ ಮೋಟಾರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಇಂಥ ಯಂತ್ರವನ್ನು ಬಳಕೆಗೆ ತಂದಿತು. ಇದರಲ್ಲಿ ಎಣ್ಣೆಯು ಕೇವಲ ಜಿಡ್ಡಲ್ಲ. ಒತ್ತಡವನ್ನು ಸಾಗಿಸುವುದೂ ಶಾಖವನ್ನು ಹೊರುವುದೂ ಅದೇ. ಕ್ಲಚ್ಚುಗಳು ಸವೆದ ಪುಡಿ ತಳದ ತಟ್ಟೆಯಲ್ಲಿ, ಎಂದರೆ ನಮ್ಮ ಗ್ಯಾರೇಜುಗಳಲ್ಲಿ ‘ಚೇಂಬರು’ ಎನ್ನುವ ಭಾಗದಲ್ಲಿ, ತಂಗುತ್ತದೆ. ಕಾಲಕ್ರಮದಲ್ಲಿ ಅಮೆರಿಕದ ಅನೇಕ ಕಾರುಗಳ ಈ ತಟ್ಟೆಯಲ್ಲಿ ಬಿರಡೆಯೇ ಇಲ್ಲದಾಯಿತು. ಒಳಗಿನ ಶೋಧಕವನ್ನು ಬದಲಿಸಲು ತಟ್ಟೆಯನ್ನು ಹೇಗೂ ಇಳಿಸಲೇಬೇಕು, ಮತ್ತೆ ಬಿರಡೆಯ ವೆಚ್ಚವೇಕೆ ಎಂಬುದು ಇದರ ಪರವಾದ ವಾದ. ಪರಿಣಾಮವೇನೆಂದರೆ, ಸುತ್ತಲಿನ ಬೋಲ್ಟುಗಳನ್ನು ಸಡಿಲಿಸಿದೊಡನೆ ಬಿಸಿ ಎಣ್ಣೆಯು ತಟ್ಟೆಯ ಅಂಚಿನಿಂದ ನಾಲ್ಕೂ ಕಡೆಗೆ ಸುರಿಯುತ್ತದೆ.

ಇದಕ್ಕೆ ಪರಿಹಾರವಾಗಿ ಬಿರಡೆಯುಳ್ಳ ಬದಲಿ ತಟ್ಟೆಗಳು ಮಾರುಕಟ್ಟೆಗೆ ಬಂದವು. ಕೆಲವರು ಹಳೆಯ ಉಕ್ಕಿನ ತಟ್ಟೆಗೇ ರಂಧ್ರ ಕೊರೆದು ಮರೆಯುಳ್ಳ ಬಿಲ್ಲೆಯನ್ನು ಬೆಸೆಯಿಸಿದರು. ಬಿಲ್ಲೆಯು ಒಳಕ್ಕೆ ಚಾಚಿಕೊಂಡಿದ್ದರೆ ಅದರ ಅಂಚಿನ ಕೆಳಗೆ ಮಡ್ಡಿಯು ಉಳಿಯುವುದರಿಂದ, ಅದನ್ನು ತಳದ ಅತಿ ತಗ್ಗಿನಲ್ಲಿ, ಒಳಮೈಗೆ ಸಮನಾಗಿ ಕೂಡಿಸುವುದು ಅವಶ್ಯ. ಎರಕದ ಅಲ್ಯುಮಿನಿಯಂ ತಟ್ಟೆಗಳು ಆಳವಾಗಿದ್ದು ಹೆಚ್ಚು ಎಣ್ಣೆಯನ್ನು ಹಿಡಿಯುತ್ತವೆ. ಶಾಖವನ್ನೂ ಬೇಗನೆ ಬಿಡುತ್ತವೆ. ಜಪಾನಿನ ಟೊಯೊಟ, ಹೋಂಡ ಸಂಸ್ಥೆಗಳಾದರೋ ಇಂಥ ಅನೇಕ ಯಂತ್ರಗಳಲ್ಲಿ ಬಿರಡೆಯನ್ನು ತಾವೇ ಒದಗಿಸುತ್ತ ಬಂದಿವೆ. ಬಿರಡೆಯ ಲೋಪ ಯಂತ್ರದ ಅನಿವಾರ್ಯತೆಯಿಂದ ಬಂದುದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಈ ಸುಧಾರಣೆಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಬಿರಡೆಯನ್ನು ಬಿಚ್ಚಿದಾಗ ತಟ್ಟೆಯ ಎಣ್ಣೆ ಮಾತ್ರ ಇಳಿಯುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಉಳಿಯುವ ಪಾಲು ಬಹಳ ದೊಡ್ಡದು. ಶೋಧಕವನ್ನು ಬದಲಿಸುವಾಗ ತಟ್ಟೆಯನ್ನು ಇಳಿಸುವುದು ತಪ್ಪದು. ಆಳವಾದ ತಟ್ಟೆಯನ್ನು ಕೂಡಿಸಿ ಎಣ್ಣೆ ಹೀರುವ ಬಾಯಿಯನ್ನು ಕೆಳಕ್ಕೆ ಇಳಿಸದಿದ್ದರೆ ಹೆಚ್ಚಿದ ಆಳದ ಪ್ರಯೋಜನ ಪೂರ್ಣವಾಗಿ ದೊರೆಯದು. ನಮ್ಮ ಸೀಮೆಗೆ ಮತ್ತೊಂದು ವಿಚಾರವೂ ಮುಖ್ಯ. ತಟ್ಟೆಯು ಕೆಳಗಿಳಿದಷ್ಟೂ ಕಲ್ಲುದಾರಿಗೆ ಹತ್ತಿರವಾಗುತ್ತದೆ. ಕಲ್ಲು ತಗಲಿದರೆ ಉಕ್ಕು ನೆಗ್ಗುವುದು; ಎರಕದ ಅಲ್ಯುಮಿನಿಯಂ ಸೀಳಬಹುದು. ಆಗುಂಬೆ, ಹುಲಿಕಲ್ಲು ಘಟ್ಟಗಳ ಏರಿನಲ್ಲಿ ಎಣ್ಣೆ ಕಾಯುವುದರಿಂದ ಅದನ್ನು ಬದಲಿಸುವ ಅಗತ್ಯ ಹೆಚ್ಚೆಂಬುದು ನಿಜ. ಆದರೆ ತೋಟದ ದಾರಿಗೆ ಹೊಂದುವುದು ಆಳವಿಲ್ಲದ, ಬಿರಡೆಯುಳ್ಳ ಉಕ್ಕಿನ ತಟ್ಟೆಯೇ ಹೊರತು ಆಳವಾದ ಎರಕದ ತಟ್ಟೆಯಲ್ಲ.

2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ತಾನಾಗಿ ಗೇರು ಬದಲಿಸುವ ಅಗ್ಗದ ಕಾರುಗಳು ನಮ್ಮಲ್ಲಿ ಹರಡಿದವು. ಆದರೆ ಆ ಬಗೆಯದರಲ್ಲಿರುವುದು ಸಾಧಾರಣ ಗೇರುಪೆಟ್ಟಿಗೆಯೇ. ಕ್ಲಚ್ಚನ್ನೂ ಗೇರನ್ನೂ ಯಂತ್ರವು ಆಡಿಸುತ್ತದೆ, ಅಷ್ಟೆ. ಟಾರ್ಕ್ ಕನ್ವರ್ಟರುಳ್ಳ ಕಾರುಗಳಲ್ಲಿ ಎಣ್ಣೆಯು ಜೀವಮಾನವಿಡೀ ಸಾಕೆಂದು ಕೆಲವು ನಿರ್ಮಾಪಕರು ಹೇಳುವುದುಂಟು. ಯಾರ ಜೀವಮಾನ, ಯಾವ ರಸ್ತೆಯಲ್ಲಿ ಎಂಬುದನ್ನು ಕೇಳುವ ಹಕ್ಕು ಘಟ್ಟ ಹತ್ತುವವನಿಗೆ ಇದೆ.

ಈ ವಿಚಾರದ ಫಲ ವಾಹನದ ಒಡೆಯನಿಗಷ್ಟೇ ಸೇರಿದುದಲ್ಲ. ಇಕ್ಕೇರಿಗೆ ಅನತಿ ದೂರದ ವರದಾಮೂಲದಲ್ಲಿ ವರದೆ ಹುಟ್ಟುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ. ಮಳೆಗಾಲದಲ್ಲಿ ನೆಲಕ್ಕೆ ಚೆಲ್ಲಿದ ಎಣ್ಣೆಯು ತೋಟದ ಕಾಲುವೆಯ ಮೂಲಕ ಹಳ್ಳವನ್ನು, ಹಳ್ಳದ ಮೂಲಕ ಹೊಳೆಯನ್ನು ಸೇರುತ್ತದೆ. ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು 2016ರ ಕೇಂದ್ರ ನಿಯಮಗಳು ಪರಿಗಣಿಸಿವೆ. ತಟ್ಟೆಯ ಅಂಚಿನಿಂದ ಸುರಿಯುವ ಎಣ್ಣೆಯನ್ನು ಹಿಡಿಯುವುದು ಕಷ್ಟ. ಬಿರಡೆಯ ಒಂದೇ ಧಾರೆಯನ್ನು ಡಬ್ಬಿಗೆ ಹಿಡಿದು ಸಂಗ್ರಹಿಸುವವರಿಗೆ ಒಪ್ಪಿಸುವುದು ಸುಲಭ. ಅಚ್ಚಿನ ಹಳೆಯ ಜಿಡ್ಡನ್ನು ಗಾಡಿಯವನು ತನ್ನ ಕೈಯಾರೆ ಒರೆಸಿ ತೆಗೆಯುತ್ತಿದ್ದ ವ್ಯವಸ್ಥೆಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಕೆಟ್ಟುದನ್ನು ಹೊರಹಾಕುವ ದಾರಿಯನ್ನು ಮೊದಲೇ ಯೋಚಿಸದ ರಚನೆಯು, ಉಳಿದ ವಿಷಯಗಳಲ್ಲಿ ಎಷ್ಟೇ ಮುಂದುವರಿದಿದ್ದರೂ, ಅಪೂರ್ಣವೆಂದೇ ಹೇಳಬೇಕಾಗುತ್ತದೆ.