ಖಾಲಿ ಬುಟ್ಟಿ, ತುಂಬಿದ ಬುಟ್ಟಿ

ಮಂಡಗದ್ದೆಯ ನಮ್ಮ ಕೇರಿಯಲ್ಲಿ ಮಳೆಗಾಲ ಕಳೆಯುತ್ತಿದ್ದುದೇ ಒಣಮೀನಿನ ಮೇಲೆ. ಆಗುಂಬೆ ಘಾಟಿ ಹತ್ತಿ ಬಂದ ಬಂಗುಡೆಯನ್ನು ಕೆಂಡದ ಮೇಲೆ ಸುಟ್ಟರೆ ಗಂಜಿಗೆ ಬೇರೇನೂ ಬೇಡ. ಅದೇ ವಾಸನೆ ಅಂಗಿಗೆ ಹತ್ತಿದೆ ಅಂತ ಶಾಲೆಯಲ್ಲಿ ನಮ್ಮನ್ನು ಹಿಂದಿನ ಸಾಲಿಗೆ ಕೂರಿಸಿದ್ದೂ ಉಂಟು. ಹಾಗಾಗಿ, ಕಡಲ ದಂಡೆಯ ದುಡಿಯುವ ಹೆಂಗಸರ ಚಿತ್ರವನ್ನು ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಗೋಡೆಗೆ ಹಾಕಿದ್ದರು ಎಂದು ಓದಿದಾಗ ನಮಗೆ ನಗು ಬಂತು. ಚಿತ್ರಕ್ಕೆ ವಾಸನೆ ಇರುವುದಿಲ್ಲವಲ್ಲ!

ಬರೆದವನು ಜಾನ್ ಸಿಂಗರ್ ಸಾರ್ಜೆಂಟ್, ಅಮೆರಿಕದ ತಂದೆತಾಯಿಗಳ ಮಗ. 1877ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾಂಕಾಲ್ ಎಂಬ ಕಡಲೂರಿನಲ್ಲಿ ಕೂತು ಗೀಚಿಕೊಂಡ. 1878ರಲ್ಲಿ ಚಿತ್ರ ಪ್ರದರ್ಶನಕ್ಕೆ ಹೋದಾಗ ಅವನಿಗೆ 22 ವರ್ಷ. 1874ರಲ್ಲಿ ಮೊದಲ ಪ್ರದರ್ಶನ ನಡೆಸಿದ ಇಂಪ್ರೆಷನಿಸ್ಟರ ಗುಂಪಿನವನಲ್ಲ. ಬೆಳಕಿನ ಹುಚ್ಚು ಮಾತ್ರ ಅವರದೇ. ಸಮುದ್ರ ಇಳಿದಿದೆ. ಒದ್ದೆ ಮರಳಿನ ನೀರಲ್ಲಿ ಆಕಾಶ ಬಿದ್ದಿದೆ. ಹಿಂದೆ ದೀಪಸ್ತಂಭ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಬುಟ್ಟಿ ಹಿಡಿದು ಸಿಂಪಿ ಆಯಲು ಹೊರಟಿದ್ದಾರೆ. ಒಂದು ಮಾತು ಒಪ್ಪಬೇಕು: ಅವರನ್ನು ಕರುಣೆಗೆ ಕೈಚಾಚಿದವರ ಹಾಗೆ ಅವನು ಬರೆದಿಲ್ಲ. ತಲೆಯೆತ್ತಿ ನಡೆಯುತ್ತಿದ್ದಾರೆ. ಆದರೆ ಹೊರಟಿದ್ದಾರೆ, ಮರಳಿಲ್ಲ. ಬುಟ್ಟಿ ಖಾಲಿ. ಕೆಸರಲ್ಲಿ ಸಿಂಪಿ ಕಿತ್ತ ಕೈ, ಭಾರಕ್ಕೆ ಬಾಗಿದ ಸೊಂಟ ಇಲ್ಲಿಲ್ಲ.

ತುಂಬಿದ ಬುಟ್ಟಿ ನೋಡಬೇಕಾದರೆ ನಮ್ಮ ಘಾಟಿ ಇಳಿದು ಮಲ್ಪೆ ಕಡೆ ಹೋಗಬೇಕು. ಅಲ್ಲಿ ರಂಪಣಿ ಅಂತ ಒಂದು ಬಲೆಯಿತ್ತು. ಕಡಲಲ್ಲಿ ಬಳಸಿ ಬಿಟ್ಟು, ಹತ್ತಾರು ಜನ ದಂಡೆಯಲ್ಲಿ ನಿಂತು ಎಳೆಯುವ ಭಾರೀ ಬಲೆ. ಮೀನು ಊರ ಮುಂದೆಯೇ ಬೀಳುತ್ತಿತ್ತು. ಮೊಗವೀರ ಹೆಂಗಸರು ಅಲ್ಲೇ ಬುಟ್ಟಿ ತುಂಬಿ, ತಲೆ ಮೇಲೆ ಹೊತ್ತು ಹಳ್ಳಿಹಳ್ಳಿ ಸುತ್ತುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದವು. ಇಂಜಿನ್ನು ಮೀನಿನ ಹಿಂಡನ್ನು ನಡುಗಡಲಲ್ಲೇ ಸುತ್ತುವರಿಯಿತು. ರಂಪಣಿ ಮೂಲೆ ಸೇರಿತು. ಮೀನು ಬಂದರಿಗೆ, ಬಂದರಿನಿಂದ ಹರಾಜಿಗೆ, ಹರಾಜಿನಿಂದ ಐಸು ತುಂಬಿದ ಲಾರಿಗೆ. ಬುಟ್ಟಿ ಹಿಡಿದವಳು ಲಾರಿಯವನ ಎದುರು ಬೆಲೆ ಕೂಗಬೇಕಾಯಿತು. ಇದನ್ನು ಪ್ರಗತಿ ಅಂದರು. ಯಾರ ಪ್ರಗತಿ ಅಂತ ಯಾರೂ ಅವಳನ್ನು ಕೇಳಲಿಲ್ಲ.

ಸಾರ್ಜೆಂಟನ ದೊಡ್ಡ ಚಿತ್ರ ಈಗ ವಾಷಿಂಗ್ಟನ್ನಿನಲ್ಲಿದೆ, ಅದರ ಚಿಕ್ಕ ರೂಪ ಬಾಸ್ಟನ್ನಿನಲ್ಲಿ. ಚಿಕ್ಕದರ ಹೆಸರಲ್ಲಿ ಕಾಂಕಾಲ್ ಇದೆ, ಹೆಂಗಸರಿಲ್ಲ. ಅಚ್ಚಾದ ಒಂದು ಪ್ರತಿಯನ್ನು ನಮ್ಮವ್ವನಿಗೆ ತೋರಿಸಿದೆವು. ಅವಳು ಮರಳನ್ನೂ ಆಕಾಶವನ್ನೂ ನೋಡಲಿಲ್ಲ. ‘ಬುಟ್ಟಿ ತುಂಬಿದ ಮೇಲೆ ಎತ್ತಿಕೊಡಾಕೆ ಯಾರಿದಾರೆ ಅಲ್ಲಿ?’ ಅಂದಳು.