ಗೋಲಿ ಸೋಡಾದ ಖಾಲಿ ಬಾಟಲಿ

ಶಾಲೆಯೆದುರಿನ ಸೋಡಾ ಅಂಗಡಿಯನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಗೋಲಿಯನ್ನು ಒಳಕ್ಕೆ ಒತ್ತಿದಾಗ ಬರುತ್ತಿದ್ದ ಸದ್ದು ಕೊನೆಯ ಪೀರಿಯಡ್ಡಿನ ನನ್ನ ಪಾಠವನ್ನು ಮೀರಿಸುತ್ತಿತ್ತು.

ಈ ಬಾಟಲಿಯ ಮೂಲ ಇಂಗ್ಲೆಂಡು. ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿಸಿದರೆ ಅನಿಲದ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಎಸೆಯಬೇಕಾದುದು ಏನೂ ಇಲ್ಲ. ಅಲ್ಲಿಯ ಮಕ್ಕಳು ಗೋಲಿಯ ಆಸೆಗೆ ಬಾಟಲಿಯನ್ನೇ ಒಡೆಯುತ್ತಿದ್ದರಂತೆ. (ನಮ್ಮವರೇನು ಕಡಿಮೆಯೆ?)

ಒಳಗಿನ ಸೋಡಾಕ್ಕಿಂತ ಬಾಟಲಿಗೇ ಬೆಲೆ ಹೆಚ್ಚು. ಸಣ್ಣ ವ್ಯಾಪಾರಿಯ ಬಂಡವಾಳವೆಂದರೆ ಆ ಗಾಜೇ. ಆದುದರಿಂದ ಅಂಗಡಿಯಲ್ಲೇ ನಿಂತು ಕುಡಿಯಬೇಕು. ಮನೆಗೆ ಒಯ್ಯುವವರು ಠೇವಣಿ ಇಡಬೇಕು. ಖಾಲಿ ಬಾಟಲಿಗಳು ಸೈಕಲ್ಲಿನ ಮೇಲೆ ಹಿಂದಿರುಗಿ, ತೊಳೆಸಿಕೊಂಡು ಮತ್ತೆ ತುಂಬುತ್ತಿದ್ದವು. ಪರಿಸರವೆಂಬ ಮಾತನ್ನು ಅಲ್ಲಿ ಯಾರೂ ಆಡಿದವರಲ್ಲ.

ತೊಳೆಯುತ್ತಿದ್ದವರು ಯಾರು? ಸೋಡಾದವರ ಮಗ ನನ್ನ ತರಗತಿಯಲ್ಲಿದ್ದ. ದಿನವೂ ತಡ, ನಾನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಗಾಜು ತಗುಲಿದ ಅವನ ಬೆರಳನ್ನು ಕಂಡ ಮೇಲೆಯೇ ನನಗೆ ಕಾರಣ ತಿಳಿದದ್ದು. ಆ ಶಿಕ್ಷೆಗಾಗಿ ಇಂದಿಗೂ ನಾಚಿಕೆಪಡುತ್ತೇನೆ.

2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಪಾನೀಯದ ಬಾಟಲಿ ಆ ಪಟ್ಟಿಯಲ್ಲಿರಲಿಲ್ಲ. ಅದೇ ಹುಡುಗ ಈಗ ಪ್ಲಾಸ್ಟಿಕ್ ಬಾಟಲಿಯ ತಂಪು ಪಾನೀಯಗಳ ಏಜೆನ್ಸಿ ನಡೆಸುತ್ತಾನೆ. ಹಳೆಯ ಗಾಜಿನ ಬಾಟಲಿಗಳನ್ನೇಕೆ ಬಿಟ್ಟೆಯೆಂದು ಕೇಳಿದೆ. ಕೈಗಳನ್ನು ಮುಂದೆ ಚಾಚಿ, "ಇದರಲ್ಲಿ ತೊಳೆಯೋ ಕೆಲಸ ಇಲ್ಲ ಸಾರ್" ಎಂದ.