ಜೆರಿಕ್ಯಾನು

ಜೀಪಿನ ಹಿಂಬದಿಗೆ ಬೆಲ್ಟು ಬಿಗಿದು ಕಟ್ಟುವ 20 ಲೀಟರಿನ ಪೆಟ್ರೋಲ್ ಡಬ್ಬಿಗೆ ಈ ಹೆಸರು. ‘ಜೆರಿ’ ಎಂದರೆ ಬ್ರಿಟಿಷ್ ಸೈನಿಕರ ಆಡುಮಾತಿನಲ್ಲಿ ಜರ್ಮನಿಯವ. 1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ತಯಾರಾದ ಈ ಡಬ್ಬಿ ಎರಡನೇ ಮಹಾಯುದ್ಧದ ಹೊತ್ತಿಗೆ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಬ್ರಿಟಿಷರ ಕೈಗೂ ಸಿಕ್ಕಿತು. ಅವರ ತೆಳು ತಗಡಿನ ಡಬ್ಬಿಗಳೋ ದಾರಿಯುದ್ದಕ್ಕೂ ಸೋರುತ್ತಿದ್ದವು. ಕೊನೆಗೆ ಶತ್ರುವಿನದನ್ನೇ ನಕಲು ಮಾಡಿದರು. ಮೇಲ್ಗಡೆ ಮೂರು ಹಿಡಿ: ನಡುವಿನದು ಒಬ್ಬನೇ ಹೊರಲು, ಅಂಚಿನವು ಇಬ್ಬರು ಹಿಡಿಯಲು, ಖಾಲಿಯಿದ್ದರೆ ಒಂದೊಂದು ಕೈಯಲ್ಲಿ ಎರಡೆರಡು. ಎಂಥ ಅಚ್ಚುಕಟ್ಟು! ನಮ್ಮ ಮಾತಿನಲ್ಲಿ ಬರೀ ‘ಕ್ಯಾನು’ ಅಂದರೆ ಸಾಕು; ಡೀಸೆಲ್ಲಿಗೂ ಅದೇ, ನೀರಿಗೂ ಅದೇ. ಪೆಟ್ರೋಲ್ ತುಂಬಿದರೆ ತೂಕ 20 ಕಿಲೋ ಹತ್ತಿರ. ಸಣ್ಣ ಗಾಡಿಯಾದರೆ ಅದನ್ನು ಮೇಲೆ ಏರಿಸಬಾರದು, ಕೆಳಗೇ ಕಟ್ಟಬೇಕು. ಓರೆ ದಾರಿಯಲ್ಲಿ ಗಾಡಿ ವಾಲೀತು.